ಪಂಪಿನ ಮೇಲಿನ ಸಂಖ್ಯೆ, ಘಟ್ಟದ ಮೇಲಿನ ಪಿಕಪ್



ಬೆಳಗಾವಿಯ ಶಿವಬಸವ ನಗರದ ಸುತ್ತಮುತ್ತ ಯಾವ ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿದರೂ ಒಂದು ಪ್ರಶ್ನೆ ಬರುತ್ತದೆ: ‘ಸಾದಾ ಹಾಕಲೇನ್ರಿ, ಪವರ್ ಹಾಕಲೇನ್ರಿ?’ ಯೋಚಿಸಿ ಹೇಳೋಣವೆಂದರೆ ಹಿಂದೆ ನಿಂತ ಬೈಕಿನವರು ಹಾರ್ನ್ ಬಾರಿಸುತ್ತಿರುತ್ತಾರೆ. ಹೊಸದಾಗಿ ಟರ್ಬೊ ಕಾರು ತಂದವರಿಗಂತೂ ಸಾದಾ ಪೆಟ್ರೋಲ್ ಹಾಕಿಸುವುದೆಂದರೆ ಮದುವೆಗೆ ಬಂದವರಿಗೆ ಬರೀ ಚಹಾ ಕೊಟ್ಟು ಕಳಿಸಿದಷ್ಟು ಸಂಕೋಚ. ಹೆಚ್ಚು ದುಡ್ಡು ಕೊಟ್ಟು ದೊಡ್ಡ ಸಂಖ್ಯೆಯ ಪೆಟ್ರೋಲ್ ಹಾಕಿಸುತ್ತಾರೆ. ಮರುದಿನ ‘ಪಿಕಪ್ ಭಾಳ ಛಲೋ ಆತು’ ಎನ್ನುತ್ತಾರೆ. ಆ ಮಾತು ಎಷ್ಟರ ಮಟ್ಟಿಗೆ ನಿಜ, ಯಾವ ಕಾರಿಗೆ ನಿಜ, ಯಾವ ರಸ್ತೆಯಲ್ಲಿ ನಿಜ ಎಂಬುದು ಇವತ್ತಿನ ವಿಷಯ.

ಪಂಪಿನ ಮೇಲೆ 95 ಎಂದೋ 99 ಎಂದೋ ಬರೆದಿರುವ ಸಂಖ್ಯೆ ಪೆಟ್ರೋಲಿನ ಆಕ್ಟೇನ್. ಒಂದು ಲೀಟರಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಒತ್ತಿದರೂ ಕಾಯಿಸಿದರೂ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದಷ್ಟೇ ಅದರ ಲೆಕ್ಕ. 1926ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ ಈ ಅಳತೆಗೋಲನ್ನು ಸೂಚಿಸಿದರು. ಸುಲಭಕ್ಕೆ ಸಿಡಿಯದ ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ಮುಟ್ಟಿದರೆ ಸಿಡಿಯುವ ಹೆಪ್ಟೇನಿಗೆ ಸೊನ್ನೆ. ನಿಮ್ಮ ಪೆಟ್ರೋಲ್ ಇವೆರಡರ ಯಾವ ಮಿಶ್ರಣದಂತೆ ವರ್ತಿಸುತ್ತದೋ ಆ ಮಿಶ್ರಣದಲ್ಲಿರುವ ಐಸೊ-ಆಕ್ಟೇನಿನ ಪ್ರಮಾಣವೇ ಅದರ ಸಂಖ್ಯೆ. ಇದನ್ನು ಅಳೆಯಲು ಒಂದೇ ಸಿಲಿಂಡರಿನ ವಿಶೇಷ ಎಂಜಿನ್ ಇದೆ. ಓಡುತ್ತಿರುವಾಗಲೇ ಅದರ ಒತ್ತಡದ ಪ್ರಮಾಣವನ್ನು ಏರಿಸಬಹುದು, ಇಳಿಸಬಹುದು.

ಸಿಲಿಂಡರಿನ ಒಳಗೆ ಏನಾಗುತ್ತದೆ ಎಂಬುದು ಕಬ್ಬಿನ ನಾಡಿನವರಿಗೆ ಬೇಗ ತಿಳಿಯುತ್ತದೆ. ಕಬ್ಬು ಕಟಾವಾದ ಮೇಲೆ ಗದ್ದೆಯ ಒಂದು ಅಂಚಿನಲ್ಲಿ ರವದಿಗೆ ಬೆಂಕಿ ಕೊಟ್ಟರೆ ಉರಿ ಸಾಲಾಗಿ ಸರಿಯುತ್ತ ಇನ್ನೊಂದು ಅಂಚಿಗೆ ಹೋಗುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊರಟ ಉರಿಯೂ ಹಾಗೆಯೇ ಸರಿಯಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಈ ಪಯಣಕ್ಕೆ ಸಿಗುವ ಸಮಯ ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂರರಷ್ಟು. ಆದರೆ ಉರಿ ಮುಂದೆ ಸರಿದಂತೆ ಒಳಗಿನ ಒತ್ತಡ ಏರಿ, ದೂರದ ಮೂಲೆಯಲ್ಲಿ ಇನ್ನೂ ಸುಡದೆ ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ಹಿಂಡಿಹೋಗಿ ಕಾಯುತ್ತದೆ. ಕಾವು ಮಿತಿ ಮೀರಿತೋ, ಉರಿ ತಲುಪುವ ಮೊದಲೇ ಆ ಮೂಲೆ ಒಮ್ಮೆಲೇ ಸಿಡಿಯುತ್ತದೆ. ಲೋಹದ ಮೇಲೆ ಯಾರೋ ಸಣ್ಣ ಸುತ್ತಿಗೆಯಿಂದ ಬಡಿದಂತೆ ಟಕಟಕ ಸದ್ದು. ಗ್ಯಾರೇಜಿನವರು ‘ನಾಕಿಂಗ್’ ಎನ್ನುವುದು ಇದಕ್ಕೇ. ಹೆಚ್ಚು ಹೊತ್ತು ನಡೆದರೆ ಪಿಸ್ಟನ್ನಿನ ಅಂಚು ತಿಂದುಹೋಗುತ್ತದೆ, ರಿಂಗು ಮುರಿಯುತ್ತದೆ.

ಹಾಗಿದ್ದರೆ ಅಷ್ಟೊಂದು ಒತ್ತುವುದಾದರೂ ಏಕೆ? ಶಿವಬಸವ ನಗರದಲ್ಲೇ ಇರುವ ಎಸ್.ಜಿ. ಬಾಳೇಕುಂದ್ರಿ ತಾಂತ್ರಿಕ ಮಹಾವಿದ್ಯಾಲಯದ ಮೆಕ್ಯಾನಿಕಲ್ ವಿದ್ಯಾರ್ಥಿಗಳನ್ನು ಕೇಳಿ, ಪೆಟ್ರೋಲ್ ಎಂಜಿನ್ನಿನ ‘ಒಟ್ಟೊ ಚಕ್ರ’ದ ಸೂತ್ರ ಬರೆದು ತೋರಿಸುತ್ತಾರೆ. ಸುಡುವ ಮೊದಲು ಮಿಶ್ರಣವನ್ನು ಎಷ್ಟು ಹಿಂಡುತ್ತೇವೋ ಅದೇ ಪೆಟ್ರೋಲಿನಿಂದ ಅಷ್ಟು ಹೆಚ್ಚು ಕೆಲಸ ಸಿಗುತ್ತದೆ. ಎಷ್ಟು ಹಿಂಡಬಹುದು ಎಂಬುದಕ್ಕೆ ಸೂತ್ರದಲ್ಲಿ ಮೇಲಿನ ಮಿತಿ ಇಲ್ಲ. ನಿಜವಾದ ಎಂಜಿನ್ನಿನಲ್ಲಿ ಆ ಮಿತಿಯನ್ನು ಹಾಕುವುದು ನಾಕಿಂಗ್.

ಈಗ ಟರ್ಬೊ ವಿಷಯಕ್ಕೆ ಬರೋಣ. ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆಯಿಂದ ಒಂದು ಸಣ್ಣ ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ತುರುಕುವ ಉಪಾಯ ಇದು. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಇದಕ್ಕೆ ಪೇಟೆಂಟ್ ಪಡೆದರು. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಸುಡಬಹುದು, ಹೆಚ್ಚು ಪೆಟ್ರೋಲ್ ಸುಟ್ಟರೆ ಹೆಚ್ಚು ಬಲ. ನಮ್ಮ ರಸ್ತೆಗಳಲ್ಲಿ ಓಡಾಡುವ ಮಾರುತಿ ಫ್ರಾಂಕ್ಸ್ ಕಾರನ್ನೇ ನೋಡಿ. ಅದರ ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ನಿನ ತಿರುಚು ಬಲ ಸುಮಾರು 113 ನ್ಯೂಟನ್ ಮೀಟರ್. ಟರ್ಬೊ ಇರುವ, ಗಾತ್ರದಲ್ಲಿ ಚಿಕ್ಕದಾದ 1 ಲೀಟರ್ ಎಂಜಿನ್ನಿನದು ಸುಮಾರು 148.

ಆದರೆ ಗಾಳಿಯನ್ನು ಹಿಂಡಿದರೆ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರ ಕೈಗೆ ಇದು ಗೊತ್ತು. 30 ಡಿಗ್ರಿಯ ಗಾಳಿಯನ್ನು ಟರ್ಬೊ 1.8 ಪಟ್ಟು ಒತ್ತಡಕ್ಕೆ ಹಿಂಡಿದರೆ ಹೊರಬರುವ ಗಾಳಿ 100 ಡಿಗ್ರಿ ದಾಟಿರುತ್ತದೆ. ಇಂಟರ್‌ಕೂಲರ್ ಅದನ್ನು ತಂಪು ಮಾಡುತ್ತದೆ ನಿಜ, ಪೂರ್ತಿ ಅಲ್ಲ. ಹೀಗೆ ಮೊದಲೇ ಒತ್ತಿ, ಮೊದಲೇ ಕಾದು ಬಂದ ಗಾಳಿಯನ್ನು ಪಿಸ್ಟನ್ ಮತ್ತೆ ಒಂಬತ್ತು ಹತ್ತು ಪಟ್ಟು ಹಿಂಡಬೇಕು. ಸಾದಾ ಎಂಜಿನ್ನಿಗಿಂತ ಟರ್ಬೊ ಎಂಜಿನ್ ನಾಕಿಂಗಿನ ಅಂಚಿಗೆ ಹತ್ತಿರ ಬದುಕುತ್ತದೆ ಎನ್ನುವುದು ಇದಕ್ಕಾಗಿ. ಆಕ್ಟೇನಿಗೆ ಅಲ್ಲಿ ಬೆಲೆ ಬರುವುದೂ ಇದಕ್ಕಾಗಿಯೇ.

ಆ ಬೆಲೆ ಎಷ್ಟಿರಬಹುದು ಎಂಬುದಕ್ಕೆ ಹಳೆಯ ಸಾಕ್ಷಿ ಎರಡನೆಯ ಮಹಾಯುದ್ಧದ್ದು. ನಮ್ಮ ಸಾಂಬ್ರಾ ವಿಮಾನ ನಿಲ್ದಾಣ ಹುಟ್ಟಿದ್ದೂ ಅದೇ ಯುದ್ಧದಲ್ಲಿ, 1942ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1940ರಲ್ಲಿ, ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಿಗೆ 87 ಆಕ್ಟೇನಿನ ಬದಲು 100 ಆಕ್ಟೇನಿನ ಪೆಟ್ರೋಲ್ ಬಂತು. ಅವುಗಳ ಮರ್ಲಿನ್ ಎಂಜಿನ್ನಿಗೆ ಗಾಳಿ ತುರುಕುತ್ತಿದ್ದುದು ಟರ್ಬೊ ಅಲ್ಲ, ಎಂಜಿನ್ನೇ ತಿರುಗಿಸುವ ಸೂಪರ್‌ಚಾರ್ಜರ್. ತತ್ವ ಮಾತ್ರ ಒಂದೇ. ಹೊಸ ಪೆಟ್ರೋಲ್ ಬಂದ ಮೇಲೆ ಗಾಳಿಯ ಹೆಚ್ಚುವರಿ ಒತ್ತಡವನ್ನು ಚದರ ಇಂಚಿಗೆ 6¼ ಪೌಂಡಿನಿಂದ 12 ಪೌಂಡಿಗೆ ಏರಿಸಲು ಸಾಧ್ಯವಾಯಿತು. ಸಾವಿರದ ಆಸುಪಾಸಿನಲ್ಲಿದ್ದ ಅಶ್ವಶಕ್ತಿ ಕೆಳಮಟ್ಟದ ಹಾರಾಟದಲ್ಲಿ 1,300 ದಾಟಿತು. ಇಲ್ಲಿ ಗಮನಿಸಬೇಕಾದ್ದು, ಬರೀ ಪೆಟ್ರೋಲ್ ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಪೆಟ್ರೋಲ್ ತಾಳಿಕೊಂಡಿತು, ಆದ್ದರಿಂದ ಒತ್ತಡ ಏರಿಸಿದರು, ಬಲ ಬಂದದ್ದು ಒತ್ತಡದಿಂದ.

ನಿಮ್ಮ ಕಾರಿನಲ್ಲಿ ಈ ಒತ್ತಡ ಏರಿಸುವವರು ಯಾರು? ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಎಂಜಿನ್ ಬ್ಲಾಕಿಗೆ ಬೋಲ್ಟು ಹಾಕಿ ಬಿಗಿದ ನಾಕ್ ಸೆನ್ಸರ್ ಅದಕ್ಕೆ ಕಿವಿ. ಬ್ಲಾಕಿನ ಕಂಪನದಲ್ಲಿ ನಾಕಿಂಗಿನ ಸ್ವರ ಬಂದ ಕೂಡಲೇ ಇಸಿಯು ಕಿಡಿಯನ್ನು ಒಂದೆರಡು ಡಿಗ್ರಿ ತಡಮಾಡುತ್ತದೆ. ಸಾಲದಿದ್ದರೆ ಟರ್ಬೊ ತುರುಕುವ ಗಾಳಿಯನ್ನೂ ಕಡಿಮೆ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಬಲ ಇಳಿಯುತ್ತದೆ. ಕಿವಿಗೆ ಟಕಟಕ ಕೇಳಿಸುವ ಮೊದಲೇ ಇದೆಲ್ಲ ಮುಗಿದಿರುತ್ತದೆ. ಪಿಕಪ್ ಸ್ವಲ್ಪ ಮಂದವಾದದ್ದು ಮಾತ್ರ ಕಾಲಿಗೆ ಗೊತ್ತಾಗುತ್ತದೆ.

ಈ ಏರಿಳಿತ ಎಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದ ಕಂಪನಿ ಮಾಜ್ದಾ. ಅಮೆರಿಕದಲ್ಲಿ 2016ರ ಸಿಎಕ್ಸ್-9 ಕಾರಿನ 2.5 ಲೀಟರ್ ಟರ್ಬೊ ಎಂಜಿನ್ನಿಗೆ ಅದು ಎರಡು ಅಂಕಿ ಕೊಟ್ಟಿತು: 87 ಆಕ್ಟೇನ್ ಹಾಕಿದರೆ 227 ಅಶ್ವಶಕ್ತಿ, 93 ಹಾಕಿದರೆ 250. ಅವರ 87 ಕೇಳಿ ಗಾಬರಿಯಾಗಬೇಡಿ. ಆಕ್ಟೇನನ್ನು ಅಳೆಯುವ ವಿಧಾನ ಎರಡಿವೆ, ರಿಸರ್ಚ್ ಮತ್ತು ಮೋಟಾರ್ ಎಂದು. ಎರಡನೆಯದರಲ್ಲಿ ಎಂಜಿನ್ ವೇಗವೂ ಮಿಶ್ರಣದ ಕಾವೂ ಹೆಚ್ಚು, ಆದ್ದರಿಂದ ಸಂಖ್ಯೆ ಕಡಿಮೆ ಬರುತ್ತದೆ. ನಮ್ಮ ಪಂಪುಗಳಲ್ಲಿ ಬರೆಯುವುದು ಮೊದಲನೆಯದನ್ನು, ಅಮೆರಿಕದವರು ಎರಡರ ಸರಾಸರಿ ಬರೆಯುತ್ತಾರೆ. ಅವರ 87 ಎಂದರೆ ನಮ್ಮ 91ರ ಆಸುಪಾಸು, ಅವರ 93 ನಮ್ಮ 97-98. ಅಂದರೆ ಆರೇಳು ಅಂಕಿಯ ಆಕ್ಟೇನಿಗೆ ಶೇ 10ರಷ್ಟು ಬಲ. ಕೇಳಲು ದೊಡ್ಡದು. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು, ಜಾಹೀರಾತು ಓದುವವರು ಬಿಟ್ಟುಬಿಡುವ ಸಾಲು: 2,000 ಸುತ್ತಿನಲ್ಲಿ ಸಿಗುವ ತಿರುಚು ಬಲ ಎರಡೂ ಪೆಟ್ರೋಲಿಗೆ ಒಂದೇ. ಹೆಚ್ಚಿನ ಅಶ್ವಶಕ್ತಿ ಸಿಗುವುದು ಎಂಜಿನ್ 5,000 ಸುತ್ತು ಮುಟ್ಟಿದಾಗ. ಚನ್ನಮ್ಮ ವೃತ್ತದ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಕಾರು ಆ ಮಟ್ಟ ಕಾಣುವುದು ಯಾವಾಗ?

ಇನ್ನೊಂದು ಮಾತು. ಮಾಜ್ದಾ ಎಂಜಿನ್ನಿಗೆ 93 ಬಂದರೆ ಏನು ಮಾಡಬೇಕೆಂದು ಅದರ ಇಸಿಯುವಿಗೆ ಮೊದಲೇ ಕಲಿಸಿದ್ದರು. ನಮ್ಮಲ್ಲಿ ಮಾರುವ ಬಹುತೇಕ ಕಾರುಗಳನ್ನು ಹೊಂದಿಸಿರುವುದು 91 ಆಕ್ಟೇನಿಗೆ, ಯಾಕೆಂದರೆ ಖಾನಾಪುರ ದಾಟಿ ಲೋಂಡಾದ ಕಡೆ ಹೋದವರಿಗೆ 99 ಎಲ್ಲಿ ಸಿಗಬೇಕು? 91ರಲ್ಲೇ ನಾಕಿಂಗ್ ಇಲ್ಲದೆ ಪೂರ್ತಿ ಬಲ ಕೊಡುವಂತೆ ಹೊಂದಿಸಿದ ಎಂಜಿನ್ನಿಗೆ 99 ಹಾಕಿದರೆ ಅದು ಬಳಸದೆ ಉಳಿಯುವ ತಾಳಿಕೆ. ಕೆಲವು ಕಾರುಗಳ ಪೆಟ್ರೋಲ್ ಮುಚ್ಚಳದ ಒಳಗೆ 95 ಎಂದು ಅಂಟಿಸಿರುತ್ತಾರೆ. ಅವುಗಳಿಗೆ ಹಾಕಿಸಿ, ಲಾಭ ಇದೆ. ಅಂಥ ಚೀಟಿ ಇಲ್ಲದ ಕಾರಿಗೆ, ಸಾದಾ ಪೆಟ್ರೋಲಿನ ಒಂದೂವರೆ ಪಟ್ಟು ಬೆಲೆಗೆ 100 ಆಕ್ಟೇನ್ ಹಾಕಿಸುವುದು ನನ್ನ ಲೆಕ್ಕದಲ್ಲಿ ಶೋಕಿ. ಶೋಕಿ ತಪ್ಪಲ್ಲ, ಅದನ್ನು ಎಂಜಿನ್ನಿನ ಆರೈಕೆ ಎಂದು ಕರೆಯಬಾರದು ಅಷ್ಟೇ.

ಇಷ್ಟು ಹೊತ್ತು ಹೇಳಿದ್ದು ಯಾವ ಊರಿಗೂ ಒಪ್ಪುವ ಮಾತು. ಇನ್ನು ಮುಂದಿನದು ಬೆಳಗಾವಿಯದೇ, ಆದರೆ ಕತೆ ಶುರುವಾಗುವುದು ಅಮೆರಿಕದಲ್ಲಿ.

ನಾಕಿಂಗಿಗೆ ಮದ್ದು ಹುಡುಕಿದವರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಥಾಮಸ್ ಮಿಜ್ಲಿ ಪ್ರಸಿದ್ಧರು. 1921ರ ಡಿಸೆಂಬರಿನಲ್ಲಿ ಅವರಿಗೆ ಸಿಕ್ಕಿದ್ದು ಸೀಸದ ಒಂದು ಸಂಯುಕ್ತ. ಚಿಟಿಕೆಯಷ್ಟು ಬೆರೆಸಿದರೆ ಸಾಕು, ಸದ್ದು ಅಡಗುತ್ತಿತ್ತು. ಆಲ್ಕೊಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಆದರೆ ಆಲ್ಕೊಹಾಲನ್ನು ಯಾರು ಬೇಕಾದರೂ ಬಟ್ಟಿ ಇಳಿಸಬಹುದು, ಅದಕ್ಕೆ ಪೇಟೆಂಟ್ ಸಿಗದು. ಸೀಸ ಗೆದ್ದಿತು, ಮುಂದೆ ಮುಕ್ಕಾಲು ಶತಮಾನ ಪ್ರಪಂಚದ ಮಕ್ಕಳು ಅದರ ಹೊಗೆ ಕುಡಿದರು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರುವರಿಯಲ್ಲಿ. ಪೇಟೆಂಟ್ ಸಿಗದ ಆ ಮದ್ದು, ಎಥನಾಲ್ ಎಂಬ ಆಲ್ಕೊಹಾಲ್, ಈಗ ನಮ್ಮ ಕಬ್ಬಿನ ಹಾಲಿನಿಂದ ಬರುತ್ತಿದೆ.

ರಾಜ್ಯದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವುದು ನಮ್ಮ ಜಿಲ್ಲೆಯಲ್ಲಿ. ಸಕ್ಕರೆ ವಿದ್ಯೆ ಕಲಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದು ಇದೇ ಊರಿನಲ್ಲಿ. ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ, ಅಥಣಿಯಲ್ಲಿ, ಸಂಕೇಶ್ವರದಲ್ಲಿ ಡಿಸ್ಟಿಲರಿಗಳಿವೆ. ಒಂದು ಟನ್ ಕಬ್ಬಿನ ಹಾಲನ್ನು ನೇರವಾಗಿ ಹುಳಿಯಿಸಿದರೆ ಸುಮಾರು 70 ಲೀಟರ್ ಎಥನಾಲ್. ಸಕ್ಕರೆಯನ್ನೆಲ್ಲ ತೆಗೆದು ಉಳಿದ ಕಾಕಂಬಿಯಿಂದಾದರೆ ಹತ್ತು ಹನ್ನೊಂದು ಲೀಟರ್. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಧನ ಸಮಾವೇಶದಲ್ಲಿ ಪ್ರಧಾನಿಯವರು ಶೇ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟರು. ಎರಡೇ ವರ್ಷದಲ್ಲಿ ಅದು ದೇಶದ ಸಾದಾ ಪೆಟ್ರೋಲ್ ಆಗಿಹೋಯಿತು.

ಎಥನಾಲಿನ ಆಕ್ಟೇನ್ 108ಕ್ಕೂ ಮೇಲೆ. ಅದನ್ನು ಬೆರೆಸಿದ್ದರಿಂದ ಸಾದಾ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ಈ ಮಾತನ್ನು ನಂಬಿದರೆ ಪಂಪಿನ ಹುಡುಗನ ಪ್ರಶ್ನೆಯ ಅರ್ಧ ಬಲ ಹೋಯಿತು. ಸಾದಾದಲ್ಲೇ 95 ಇದ್ದರೆ, 95 ಎಂದು ಫಲಕ ಹಾಕಿ ಹೆಚ್ಚು ದುಡ್ಡು ಕೇಳುವ ಪೆಟ್ರೋಲಿನಲ್ಲಿ ಉಳಿದದ್ದೇನು? ಇಂಜೆಕ್ಟರ್ ತೊಳೆಯುವ ರಾಸಾಯನಿಕ. ಅದೂ ಒಂದು ಗುಣವೇ, ಆದರೆ ಅದರ ಹೆಸರು ಪವರ್ ಅಲ್ಲ.

ಟರ್ಬೊ ಎಂಜಿನ್ನಿಗೆ ಎಥನಾಲ್ ಏಕೆ ವಿಶೇಷ ಎಂಬುದನ್ನು ತಿಳಿಸಿಕೊಟ್ಟವರಲ್ಲಿ ಗೌತಮ್ ಕಲಘಟಗಿ ಮುಖ್ಯರು. ಅಡ್ಡಹೆಸರು ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಊರಿನದೇ. ಮುಂಬಯಿ ಐಐಟಿಯಲ್ಲಿ ಓದಿ, ಬ್ರಿಸ್ಟಲ್‌ನಲ್ಲಿ ಡಾಕ್ಟರೇಟ್ ಪಡೆದು, ಶೆಲ್ ಕಂಪನಿಯ ಸಂಶೋಧನಾಲಯದಲ್ಲಿ ಮೂರು ದಶಕ ಕಳೆದು, ಆಮೇಲೆ ಸೌದಿ ಅರಾಮ್ಕೊಗೆ ಹೋದವರು. ರಿಸರ್ಚ್, ಮೋಟಾರ್ ಎಂಬ ಎರಡು ಸಂಖ್ಯೆಗಳು ದೊಡ್ಡದಾದಷ್ಟೂ ಪೆಟ್ರೋಲ್ ಒಳ್ಳೆಯದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 2001ರಿಂದ ಪ್ರಕಟವಾದ ಅವರ ಪ್ರಬಂಧಗಳು ಬೇರೆಯೇ ಮಾತು ಹೇಳಿದವು. ಹೊಸ ಎಂಜಿನ್ನುಗಳಲ್ಲಿ, ಅದರಲ್ಲೂ ಟರ್ಬೊ ಇರುವವುಗಳಲ್ಲಿ, ಮೊದಲ ಸಂಖ್ಯೆ ಒಂದೇ ಆಗಿರುವ ಎರಡು ಪೆಟ್ರೋಲುಗಳ ಪೈಕಿ ಎರಡನೆಯ ಸಂಖ್ಯೆ ಕಡಿಮೆ ಇರುವುದೇ ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ. ಅಂದರೆ ಎರಡರ ನಡುವಿನ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ಹಳೆಯ ಪಾಠ ತಲೆಕೆಳಗಾದದ್ದು ಎಂದರೆ ಇದು. ಎಥನಾಲಿನಲ್ಲಿ ಈ ಅಂತರ ಬಹಳ ದೊಡ್ಡದು, ಹದಿನೆಂಟರ ಆಸುಪಾಸು. ಜೊತೆಗೆ ಅದು ಆವಿಯಾಗುವಾಗ ಪೆಟ್ರೋಲಿಗಿಂತ ಎರಡೂವರೆ ಪಟ್ಟು ಕಾವನ್ನು ಹೀರಿಕೊಂಡು, ಟರ್ಬೊ ಕಾಯಿಸಿ ಕಳಿಸಿದ ಗಾಳಿಯನ್ನು ತಂಪು ಮಾಡುತ್ತದೆ.

ಇದು ಬರೀ ಪ್ರಯೋಗಾಲಯದ ಮಾತಲ್ಲ. 2005ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ 9-5 ಬಯೊಪವರ್ ಎಂಬ ಟರ್ಬೊ ಕಾರು ಮಾರಿತು. ಪೆಟ್ರೋಲ್ ಹಾಕಿದರೆ 150 ಅಶ್ವಶಕ್ತಿ, ಶೇ 85 ಎಥನಾಲ್ ಹಾಕಿದರೆ ಅದೇ ಎಂಜಿನ್ನಿಗೆ 180. ಯಾವ ಬಿಡಿಭಾಗವನ್ನೂ ಬದಲಿಸುವ ಕೆಲಸವಿಲ್ಲ. ಟ್ಯಾಂಕಿನಲ್ಲಿ ಏನಿದೆ ಎಂದು ಇಸಿಯು ತಿಳಿದುಕೊಂಡು ಗಾಳಿಯನ್ನು ಹೆಚ್ಚಿಸುತ್ತಿತ್ತು, ಕಿಡಿಯನ್ನು ಮುಂದಕ್ಕೆ ತರುತ್ತಿತ್ತು.

ನಮ್ಮ ಕಾರುಗಳಲ್ಲಿ ಈ ಲಾಭ ಏಕೆ ಕಾಣುತ್ತಿಲ್ಲ? ಆಕ್ಟೇನ್ ಬಂತು, ಅದನ್ನು ಬಳಸಿಕೊಳ್ಳುವ ಹೊಂದಾಣಿಕೆ ಬರಲಿಲ್ಲ. ಬದಲಿಗೆ ಕಂಡದ್ದು ನಷ್ಟದ ಬದಿ. ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಲೀಟರ್ ಎಥನಾಲಿನಲ್ಲಿ 21 ಮಾತ್ರ. ಐದರಲ್ಲಿ ಒಂದು ಪಾಲು ಬೆರೆಸಿದರೆ ಲೀಟರಿಗೆ ಶೇ 7ರಷ್ಟು ಶಕ್ತಿ ಕಡಿಮೆ. ‘ಆವರೇಜ್ ಬಿತ್ತ್ರಿ’ ಎಂಬ ದೂರು ಸುಳ್ಳಲ್ಲ. ಎಂಜಿನ್ನನ್ನು ಹೆಚ್ಚು ಒತ್ತಡಕ್ಕೆ ಕಟ್ಟಿದರೆ ಆ ನಷ್ಟದ ದೊಡ್ಡ ಭಾಗವನ್ನು ಮರಳಿ ಪಡೆಯಬಹುದು. ಕಾರು ಕಂಪನಿಗಳು ಶೇ 20 ಎಥನಾಲಿಗೆ ರಬ್ಬರು, ಪೈಪು ಬದಲಿಸಿ ‘ತಡೆದುಕೊಳ್ಳುತ್ತದೆ’ ಎಂದು ಮುದ್ರೆ ಒತ್ತಿ ಸುಮ್ಮನಾದವೇ ಹೊರತು, ‘ಇದರಿಂದ ಇಷ್ಟು ಬಲ ಹೆಚ್ಚಿಸಿದ್ದೇವೆ’ ಎಂದು ಮುಂದೆ ಬರಲಿಲ್ಲ. 2025ರಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತ ಕಬ್ಬು ಬೆಳೆಗಾರರು ತಮ್ಮ ಬೆಳೆಗೆ ಬೆಲೆ ಕೇಳಿದರು; ಆ ಬೆಳೆಯೊಳಗಿನ ಆಕ್ಟೇನಿಗೂ ಯಾರೋ ಬೆಲೆ ಕಟ್ಟಬೇಕಲ್ಲ!

ಕಡೆಗೆ ಒಂದಿಷ್ಟು ರಸ್ತೆಯ ಮಾತು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಗೋವೆಯ ಕಡಲ ದಂಡೆಗಿಂತ ಶೇ 8ರಷ್ಟು ಕಡಿಮೆ. ಸಾದಾ ಎಂಜಿನ್ ಅಷ್ಟು ಬಲ ಕಳೆದುಕೊಳ್ಳುತ್ತದೆ, ಅದರ ಜೊತೆಗೆ ನಾಕಿಂಗಿನ ಭಯವೂ ತುಸು ಇಳಿಯುತ್ತದೆ. ಟರ್ಬೊ ಹಾಗಲ್ಲ. ತೆಳುವಾದ ಗಾಳಿಯನ್ನು ಇನ್ನಷ್ಟು ಹಿಂಡಿ ಕೊರತೆ ತುಂಬಿಸುತ್ತದೆ, ಬಲ ಉಳಿಯುತ್ತದೆ, ಕಾವೂ ಉಳಿಯುತ್ತದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿಯುವಾಗ ಯಾವ ಪೆಟ್ರೋಲಾದರೂ ನಡೆಯುತ್ತದೆ. ಪರೀಕ್ಷೆ ಇರುವುದು ಮರಳಿ ಹತ್ತುವಾಗ. ಮೇ ತಿಂಗಳ ಮಧ್ಯಾಹ್ನ, ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ, ಮುಂದೆ ತೆವಳುವ ಟ್ರಕ್ಕು, ಇಂಟರ್‌ಕೂಲರಿಗೆ ಬೀಸುಗಾಳಿ ಇಲ್ಲ. ಇಸಿಯು ಕಿಡಿಯನ್ನು ಹಿಂದೆ ಸರಿಸುವುದು ಇಂಥ ಹೊತ್ತಿನಲ್ಲೇ. ಹೆಚ್ಚು ಆಕ್ಟೇನಿನ ಪೆಟ್ರೋಲಿನಿಂದ ನಿಜವಾದ ವ್ಯತ್ಯಾಸ ಕಾಣಬಹುದಾದ ಜಾಗ ನಮ್ಮ ಸೀಮೆಯಲ್ಲಿ ಯಾವುದಾದರೂ ಇದ್ದರೆ ಅದು ಈ ಏರು, ಇಲ್ಲವೇ ಖಾನಾಪುರದ ಆಚೆಗಿನ ಅನಮೋಡ ಘಟ್ಟ. ಅಂಥ ಪಯಣಕ್ಕೆ ಒಂದು ಟ್ಯಾಂಕ್ ಹಾಕಿಸಿಕೊಂಡರೆ ನಾನು ತಕರಾರು ಮಾಡುವುದಿಲ್ಲ.

ಆದರೆ ಅದೇ ಏರಿನಲ್ಲಿ ಆಕ್ಟೇನ್ ಹೆಚ್ಚೇನೂ ಸಹಾಯ ಮಾಡಲಾರದ ಅಪಾಯವೊಂದಿದೆ. ಆವರೇಜ್ ಉಳಿಸಲೆಂದು ನಾಲ್ಕನೇ ಗೇರಿನಲ್ಲೇ, 1,500 ಸುತ್ತಿನಲ್ಲಿ, ಎಕ್ಸಿಲೇಟರ್ ಪೂರ್ತಿ ಒತ್ತಿ ಟರ್ಬೊ ಕಾರನ್ನು ಹತ್ತಿಸುವವರಿದ್ದಾರೆ. ಆಗ ಸಿಲಿಂಡರಿನ ಗೋಡೆಯಿಂದ ಸಿಡಿದ ಎಣ್ಣೆಯ ಹನಿ ಕಿಡಿಗಿಂತ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚಬಹುದು. ಅಂಥ ಒಂದೇ ಏಟಿಗೆ ಪಿಸ್ಟನ್ ಒಡೆದ ಉದಾಹರಣೆಗಳಿವೆ. ನಾಕ್ ಸೆನ್ಸರ್ ಕೇಳಿಸಿಕೊಳ್ಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಇದಕ್ಕೆ ಮದ್ದು ಎರಡು. ಗೇರ್ ಇಳಿಸಿ ಎಂಜಿನ್ನನ್ನು 2,500ರ ಆಚೆ ತಿರುಗಲು ಬಿಡುವುದು ಒಂದು. ಈ ತೊಂದರೆಗೆಂದೇ ಎಂಜಿನ್ ಎಣ್ಣೆಯ ಸೂತ್ರವನ್ನು 2018ರಲ್ಲಿ ಬದಲಿಸಿದರು, ಕ್ಯಾಲ್ಸಿಯಂ ಅಂಶ ತಗ್ಗಿಸಿದರು. ಆ ಬಗೆಯ ಎಣ್ಣೆ ಹಾಕಿಸುವುದು ಇನ್ನೊಂದು. ಮುಂದಿನ ಸರ್ವಿಸಿಗೆ ಕೊಟ್ಟಾಗ ಎಣ್ಣೆಯ ಡಬ್ಬಿ ತಿರುಗಿಸಿ ನೋಡಿ, ಎಪಿಐ ಮುದ್ರೆಯೊಳಗೆ ಎಸ್‌ಪಿ ಎಂಬ ಎರಡು ಅಕ್ಷರ, ಇಲ್ಲವೇ ಅದಕ್ಕಿಂತ ಹೊಸ ದರ್ಜೆಯ ಗುರುತು ಇರಬೇಕು. ಇಲ್ಲದಿದ್ದರೆ ಪವರ್ ಪೆಟ್ರೋಲಿಗೆಂದು ತೆಗೆದಿಟ್ಟ ದುಡ್ಡನ್ನು ಆ ಗುರುತು ಇರುವ ಡಬ್ಬಿಗೆ ಹಾಕಿ.